ನನ್ನ ತಾಳಿಯ ಪಕ್ಕ ನಿನ್ನ ಗುಂಡು

ಅಕ್ಕಾ,

ಹೀಗೆ ಕರೆಯುವುದಕ್ಕೂ ನನಗೆ ಮನಸ್ಸಿಲ್ಲ. ನಾವಿಬ್ಬರೂ ಒಂದು ಹೊಟ್ಟೆಯಲ್ಲಿ ಹುಟ್ಟಿದವರಲ್ಲ, ಒಬ್ಬರ ಮುಖ ಒಬ್ಬರು ನೋಡಿದವರೂ ಅಲ್ಲ. ಸವತಿ ಅನ್ನೋಣವೆಂದರೆ ನೀನು ಹೋಗಿ ಎರಡು ವರ್ಷವಾದ ಮೇಲೆ ನಿನ್ನ ಗಂಡನನ್ನು ಕಟ್ಟಿಕೊಂಡು ಈ ಮನೆಗೆ ಬಂದವಳು ನಾನು. ಬದುಕಿರುವ ಸವತಿಯಾದರೆ ಜಡೆ ಹಿಡಿದು ಜಗಳವಾಡಬಹುದು. ಪಟದಲ್ಲಿರುವವಳ ಹತ್ತಿರ ಏನು ಮಾಡಲಿ?

ನನ್ನ ಮದುವೆಯ ದಿನ, ಗುಂಡ್ಲುಪೇಟೆಯ ಛತ್ರದಲ್ಲಿ ತಾಳಿ ಕಟ್ಟಿಸಿಕೊಂಡು ಇನ್ನೂ ತಲೆ ಎತ್ತಿರಲಿಲ್ಲ, ಅತ್ತೆ ಬಂದು ನನ್ನ ಸರಕ್ಕೆ ಒಂದು ಚಿನ್ನದ ಗುಂಡು ಪೋಣಿಸಿದರು. "ಇದು ನಮ್ಮ ಮಂಗಳನ್ದು ಕನವ್ವ. ಅವಳ ಹೆಸರ್ನಲ್ಲಿ ಕಟ್ಕಬೇಕು. ಕಟ್ಕಂಡ್ರೆ ಓಗ್ಬುಟ್ಟೋಳು ಕಾಡಕಿಲ್ಲ," ಎಂದರು. ನೀನು ಕಾಡಲಿಲ್ಲ, ನಿಜ. ಆದರೆ ಅಂದಿನಿಂದ ನನ್ನ ಎದೆಯ ಮೇಲೆ ನೀನೂ ಒಬ್ಬಳು ನೇತಾಡುತ್ತಿದ್ದೀಯ. ಪೋಣಿಸುವಾಗ ನನ್ನನ್ನು ಯಾರಾದರೂ ಒಂದು ಮಾತು ಕೇಳಿದರಾ?

ಭೀಮನಬೀಡಿಗೆ ಬಂದ ಮೊದಲ ವಾರ ಹುರುಳಿಕಾಳಿನ ಸಾರು ಮಾಡಿದ್ದೆ. ಅತ್ತೆ ಬಾಯಿಗಿಟ್ಟು, "ಚೆಂದಾಗದೆ. ಮಂಗಳ ಒಸಿ ಕಾಯಿ ಜಾಸ್ತಿ ಹಾಕೋಳು," ಎಂದರು. ಮಾರನೆಯ ದಿನ ಕಾಯಿ ಜಾಸ್ತಿ ಹಾಕಿದರೆ, "ಅವಳ ಕೈ ಅಳತೆ ಬರಕಿಲ್ಲ ಬುಡು." ಸತ್ತ ಎಮ್ಮೆಗೆ ಹಾಲು ಹೆಚ್ಚು ಅನ್ನುವುದು ಸುಮ್ಮನೆ ಅಲ್ಲ. ನಮ್ಮ ಯಜಮಾನರಂತೂ ಅರಿಸಿನದ ಹೊಲಕ್ಕೆ ನೀರು ಬಿಡಲು ಹೋದಾಗಲೆಲ್ಲ ಬದುವಿನಲ್ಲಿರುವ ನಿನ್ನ ಸಮಾಧಿಯ ಮುಂದೆ ನಿಂತು, ಹೆಗಲಿನ ಟವೆಲ್ಲನ್ನು ಕೈಗೆ ತೆಗೆದುಕೊಳ್ಳುತ್ತಾರೆ. ನನ್ನ ಮುಂದೆ ಎಂದಾದರೂ ಹಾಗೆ ನಿಂತಿದ್ದಾರಾ? ಅಲ್ಲಿ ಸೋಮವಾರ ಸೋಮವಾರ ದೀಪ ಹಚ್ಚುವವಳು ಮಾತ್ರ ನಾನು.

ನಿನಗೆ ಏನಾಗಿತ್ತೆಂದು ಅತ್ತೆ ನನಗೆ ಹೇಳಿದ್ದು ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ. ಎಡಗಡೆ ಎದೆಯಲ್ಲಿ ಗಂಟು. ನೋವಿಲ್ಲದ್ದು ರೋಗವಾದೀತೇ ಅಂದುಕೊಂಡೆಯಂತೆ. ಮನೆಯಲ್ಲೇ ಬೆಳೆದ ಅರಿಸಿನ ಅರೆದು, ಸುಣ್ಣ ಸೇರಿಸಿ ಹಚ್ಚಿಕೊಂಡೆಯಂತೆ. ರವಿಕೆಯ ಹಳದಿ ಕಲೆ ಕಂಡವರು ಮುತ್ತೈದೆಯಲ್ಲವಾ ಎಂದು ಸುಮ್ಮನಾದರಂತೆ. ಗಂಡಸು ಡಾಕ್ಟರಿಗೆ ತೋರಿಸಲು ನಿನಗೆ ನಾಚಿಕೆ. ಚರ್ಮ ಕಿತ್ತಲೆ ಸಿಪ್ಪೆಯ ಹಾಗಾಗಿ, ಕಂಕುಳಲ್ಲೂ ಗಂಟು ಬಂದು, ತೋಳು ಎತ್ತಲಾರದೆ... ಮೈಸೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಕಾಲ ಮೀರಿತ್ತು. ಪಕ್ಕದಲ್ಲಿ ಮಲಗುವ ಗಂಡನಿಗಾದರೂ ಹೇಳಬಾರದಿತ್ತಾ?

ಇವರು ಎಚ್ಚೆತ್ತಿದ್ದು ಅದಾದ ಮೇಲೆ. ತಿಂಗಳಿಗೊಮ್ಮೆ ಕೊಟ್ಟಿಗೆಯಲ್ಲಿ ಹಸುವಿನ ಕಡೆ ಮುಖ ಮಾಡಿಕೊಂಡು ನನ್ನನ್ನು ಕೇಳುತ್ತಿದ್ದರು, "ನೋಡ್ಕಂಡ್ಯಾ?" ಅಂತ. ತಿಂಗಳ ಮುಟ್ಟು ಮುಗಿದ ಮೇಲೆ ಕನ್ನಡಿ ಮುಂದೆ ನಿಂತು, ಬೆರಳು ಚಪ್ಪಟೆಯಾಗಿಟ್ಟು ಸುತ್ತಲೂ ಒತ್ತಿ, ಕಂಕುಳವರೆಗೂ ನೋಡಿಕೊಳ್ಳಬೇಕೆಂದು ಆಶಾ ಕಾರ್ಯಕರ್ತೆ ಊರಿನ ಹೆಂಗಸರಿಗೆಲ್ಲ ಹೇಳಿಕೊಟ್ಟಿದ್ದಳು. ಇಂಥದ್ದನ್ನು ವಿಚಾರಿಸುವ ಗಂಡ ಸಿಕ್ಕಿದ್ದು ನನ್ನ ಪುಣ್ಯ ಅಂದಿದ್ದಳು ಅವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದು ನಿನ್ನನ್ನು ಕೇಳಬೇಕಿದ್ದ ಪ್ರಶ್ನೆ. ಆಗ ಕೇಳದೆ ಈಗ... ಒಂದು ಸಲ ಅಂದೇಬಿಟ್ಟೆ: "ಅವಳ್ನ ಕೇಳ್ಬೇಕಾದ್ದ ನನ್ನ ಯಾಕ್ ಕೇಳೀರಿ? ನಾನು ನೋಡ್ಕಳಕಿಲ್ಲ, ಓಗಿ." ಅವರು ಹಸುವಿನ ಬೆನ್ನು ಸವರುತ್ತಾ ನಿಂತುಬಿಟ್ಟರು.

ನಾನು ಬಂದಾಗ ನಿನ್ನ ಮಗಳು ಪವಿತ್ರ ಫ್ರಾಕು ಹಾಕುತ್ತಿದ್ದ ಹುಡುಗಿ. ಈಗ ಬದನಗುಪ್ಪೆಯ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಸಂಜೆ ಬಂದವಳು ಮೊದಲು ನಿನ್ನ ಪಟದ ಮುಂದೆ ನಿಂತು ಆ ದಿನದ್ದನ್ನೆಲ್ಲ ಒಪ್ಪಿಸುತ್ತಾಳೆ. ಸೂಪರ್‌ವೈಸರ್ ಬೈದದ್ದು, ಬಸ್ಸಿನಲ್ಲಿ ಸೀಟು ಸಿಕ್ಕಿದ್ದು, ಎಲ್ಲ. ತಲೆ ಬಾಚಿದವಳು ನಾನು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು ನಾನು. ಸುದ್ದಿ ಮಾತ್ರ ನಿನಗೆ. ಒಲೆಯ ಮುಂದೆ ಕೂತು ನಾನು ಕಿವಿಯನ್ನು ಅಲ್ಲಿಟ್ಟಿರುತ್ತೇನೆ. ಇಷ್ಟು ಹೊಟ್ಟೆಕಿಚ್ಚು ಬದುಕಿರುವ ಯಾರ ಮೇಲೂ ನಾನು ಪಟ್ಟಿಲ್ಲ.

ಈ ತಿಂಗಳ ಮೊದಲ ಭಾನುವಾರ ಅವಳು ಸ್ನಾನ ಮುಗಿಸಿ ಬಂದು ನಿನ್ನ ಪಟದ ಮುಂದೆ ನಿಂತಳು. ಆಮೇಲೆ ಅಡುಗೆಮನೆಗೆ ಬಂದು, ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ನನ್ನ ಪಕ್ಕ ಕೂತಳು.

"ಚಿಕ್ಕವ್ವ, ಎದೇಲಿ ಒಂದ್ ಗಂಟು ಸಿಕ್ತದೆ. ನೋವಿಲ್ಲ. ಅಪ್ಪನ್ಗೆ ಯೋಳ್ಬ್ಯಾಡ."

"ನಿಮ್ಮವ್ವನ್ಗೆ ಯೋಳಿದ್ಯಾ?" ಎಂದೆ. ಅಂಥ ಹೊತ್ತಿನಲ್ಲೂ ನನ್ನ ಬಾಯಿಗೆ ಬಂದದ್ದು ಅದೇ ನೋಡು.

"ಇಲ್ಲ. ಅವ್ವ ಸುಮ್ಕಿದ್ಬುಟ್ಲಲ್ಲ. ನನ್ಗೂ ಸುಮ್ಕಿರು ಅಂದ್ರೆ ಏನ್ ಮಾಡ್ಲಿ?"

ಹಿಟ್ಟಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡೆ. ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಂತೋಷ. ನಿನ್ನನ್ನು ದಾಟಿ ನನ್ನ ಹತ್ತಿರ ಬಂದಳಲ್ಲ ಅಂತ. ಅದರ ಹಿಂದೆಯೇ ಭಯ ಬಂತು.

ಅಪ್ಪನಿಗೆ ಹೇಳಬೇಡ ಎಂದಿದ್ದಳು. ಹೇಳಿದೆ. ಹೇಳದೆ ಇದ್ದೇ ಈ ಮನೆ ಒಂದು ಸಲ ಕೆಟ್ಟಿದೆ. ಮಾರನೆಯ ಬೆಳಿಗ್ಗೆ ಮೂವರೂ ಚಾಮರಾಜನಗರದ ಆಸ್ಪತ್ರೆಗೆ ಹೋದೆವು. ಅಲ್ಲಿ ಹೆಣ್ಣು ಡಾಕ್ಟರು ಇದ್ದರು. ನಿನಗಾದದ್ದನ್ನು ಮುಚ್ಚಿಡದೆ ಹೇಳಿದೆ. ಸ್ಕ್ಯಾನ್ ಮಾಡಿಸಿ, ಸೂಜಿಯಲ್ಲಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹೊರಗೆ ಬೆಂಚಿನ ಮೇಲೆ ಇವರು ಕಣ್ಣು ಮುಚ್ಚಿ, "ಮಂಗಳಾ, ಮಗೀನ್ ಕಾಪಾಡು," ಎನ್ನುತ್ತಿದ್ದರು. ಪಕ್ಕದಲ್ಲೇ ನಾನು ಕೂತಿದ್ದೆ ಕಣಕ್ಕ. ಆಗಲೂ ನೀನೇ.

ನನಗೆ ನಲವತ್ತು ದಾಟಿದೆಯೆಂದು ತಿಳಿದು ಡಾಕ್ಟರು ನನ್ನನ್ನೂ ಪರೀಕ್ಷೆಗೆ ಕರೆದರು. ಕೊರಳಿನ ಸರ ತೆಗೆಯಿರಿ ಎಂದರು. ತಾಳಿ ತೆಗೆಯುವುದಾ ಎಂದು ಹಿಂಜರಿದೆ. ಪವಿತ್ರ ಅಂಗೈ ಚಾಚಿ, "ಕೊಡು ಚಿಕ್ಕವ್ವ, ನಾನ್ ಇಡ್ಕಂಡಿರ್ತೀನಿ," ಎಂದಳು. ನಿನ್ನ ಗುಂಡು ಮೊದಲ ಸಲ ನನ್ನ ಎದೆಯಿಂದ ಇಳಿಯಿತು. ನನಗೆ ಹಗುರವಾಗಬೇಕಿತ್ತಲ್ಲವಾ? ಆಗಲಿಲ್ಲ, ಬೋಳು ಬೋಳು ಅನ್ನಿಸಿತು. ಪರೀಕ್ಷೆ ಮುಗಿದ ಕೂಡಲೇ ಇಸಿದುಕೊಂಡು ಹಾಕಿಕೊಂಡೆ. ನೀನು ಮೊದಲೇ ಬಾಯಿಬಿಟ್ಟಿದ್ದರೆ ಬದುಕುತ್ತಿದ್ದೆಯೋ ಏನೋ. ನೀನು ಬದುಕಿದ್ದರೆ ಈ ಮನೆ, ಈ ಗಂಡ, ಈ ಹುಡುಗಿ, ಯಾವುದೂ ನನ್ನದಾಗುತ್ತಿರಲಿಲ್ಲ. ಆದರೂ ನೀನು ಬಾಯಿಬಿಡಬೇಕಿತ್ತು ಅಂತಲೇ ನನಗೆ ಅಲ್ಲಿ ಅನ್ನಿಸಿತು.

ನನ್ನಲ್ಲಿ ಏನೂ ಸಿಗಲಿಲ್ಲ. ಇನ್ನು ಮೇಲೆ ತಿಂಗಳು ತಿಂಗಳು ನೋಡಿಕೊಳ್ಳುತ್ತೇನೆ, ಅವಳನ್ನೂ ಕೇಳುತ್ತೇನೆ, ಮುಖ ನೋಡಿಯೇ ಕೇಳುತ್ತೇನೆ. ಇದು ನಿನಗೆ ಕೊಡುವ ಮಾತು.

ನಿನ್ನೆ ಅವಳ ರಿಪೋರ್ಟು ಬಂತು. ಇಬ್ಬರೂ ಹೋಗಿ ತಂದೆವು. ಮನೆಗೆ ಬಂದದ್ದೇ ಚಪ್ಪಲಿ ಬಿಟ್ಟು ನಿನ್ನ ಪಟದ ಕಡೆ ಓಡಿದಳು. ನಾನು ಅಡ್ಡ ನಿಂತೆ.

"ನಿಲ್ಲು ಕಣಮ್ಮಿ. ಇದ ನಾನ್ ಯೋಳ್ತೀನಿ."

ಅವಳು ನಕ್ಕು ಒಳಗೆ ಹೋದಳು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಕ್ಕಾ, ಅದು ಬರೀ ಗಂಟಂತೆ, ಕ್ಯಾನ್ಸರಲ್ಲ. ಆರು ತಿಂಗಳಿಗೆ ಮತ್ತೆ ತೋರಿಸಬೇಕು, ಅಷ್ಟೇ. ಈ ಸಲ ನಿನಗಿಂತ ಮೊದಲು ನನಗೆ ಗೊತ್ತಾಯಿತು.