ವಿಮಾನ ಇಳಿಯುವ ತನಕ

ಮನೆಯಿಂದ,
ನವೆಂಬರ್ ೧೮, ಭಾನುವಾರ ಸಂಜೆ

ನನ್ನ ಮುದ್ದು ಮಗಳೇ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ನಿಂತಲ್ಲೇ ಏನೋ ಬಾಯಿಗೆ ಹಾಕಿಕೊಂಡು ಓಡುತ್ತೀಯೋ? ನನ್ನ ಮಂಡಿ ನೋವು ಇದ್ದ ಹಾಗೇ ಇದೆ. ನಿನ್ನ ಚಿಕ್ಕಪ್ಪ ಚೆನ್ನಾಗಿದ್ದಾನೆ, ಮಾತು ಮಾತ್ರ ಇನ್ನೂ ಕಡಿಮೆಯಾಗಿಲ್ಲ.

ಕೇಳಿದರೆ ಬೆಚ್ಚಿಬೀಳುತ್ತೀಯ: ಇವತ್ತು ಅಪ್ಪನ ಹಳದಿ ರಿಮೋಟ್ ವಿಮಾನ ಹಾರಿಸಿದೆ. ಹೌದು ಕಣೇ, ನಾನೇ. ಅವರು ಎಂಜಿನ್ ಚಾಲೂ ಮಾಡುವಾಗೆಲ್ಲ ಬಾಲ ಹಿಡಿದು ಕೂತೇ ಆಯಸ್ಸು ಕಳೆದವಳು, ಈ ವರ್ಷ ಚಿಕ್ಕಪ್ಪನ ಹಗುರ ವಿಮಾನವನ್ನು ಬೇಲಿಗೆ ಗುದ್ದಿ ಗುದ್ದಿ ಹಾರಿಸುವುದು ಕಲಿತೆ. ಹಳದಿಯದು ಅಪ್ಪ ಹೋದ ದಿನ ನಿನ್ನ ಕೈಯಿಂದ ಇಳಿದದ್ದೇ ಕೊನೆ, ಅಟ್ಟ ಸೇರಿತ್ತು. ನೀನೂ ಅವರ ಕಾರ್ಯ ಮುಗಿಸಿ ಹೊರಟವಳು ಮತ್ತೆ ಈ ಬಾಗಿಲಿಗೆ ಬಂದಿಲ್ಲ.

ರೆಕ್ಕೆಯ ಹೊದಿಕೆ ಸಡಿಲವಾಗಿತ್ತು, ಇಸ್ತ್ರಿಪೆಟ್ಟಿಗೆ ಆಡಿಸಿ ಬಿಗಿ ಮಾಡಿದೆ. ಸೆಟೆದುಕೊಂಡಿದ್ದ ಇಂಧನದ ಕೊಳವೆ ಬದಲಿಸಿದೆ. ಎರಡು ಬೆರಳ ಮೇಲೆ ರೆಕ್ಕೆ ಆನಿಸಿ ತೂಕ ನೋಡಿದೆ. ಮೂಗು ತುಸುವೇ ಬಾಗಿತು, ಸರಿಯಾಗಿತ್ತು. ರಿಮೋಟ್‌ನ ಟ್ರಿಮ್ ಕಡ್ಡಿಗಳನ್ನು ಮಾತ್ರ ಮುಟ್ಟಲಿಲ್ಲ. ಕೈ ಬಿಟ್ಟರೂ ವಿಮಾನ ನೇರ ಹೋಗಲೆಂದು ಅವರ ಹೆಬ್ಬೆರಳು ಸರಿಸಿಟ್ಟ ಜಾಗದಲ್ಲೇ ಇದ್ದವು. ಧೂಳು ಒರೆಸಲೂ ಮನಸ್ಸಾಗಲಿಲ್ಲ.

ಮೈದಾನದಲ್ಲಿ ಚಿಕ್ಕಪ್ಪ ಬಾಲ ಹಿಡಿದು ಬಿಟ್ಟ, ವಿಮಾನ ಎದ್ದಿತು, ಅವನು ಆ ತುದಿಗೆ ನಡೆದ. ನಾನು ಕೈ ಬಿಟ್ಟು ನೋಡಿದೆ. ಗೆರೆ ಎಳೆದ ಹಾಗೆ ನೇರ ಹೋಯಿತು. ಹಾರಿಸುತ್ತಿದ್ದುದು ನಾನಲ್ಲ ಅನ್ನಿಸಿತು. ಧೈರ್ಯ ಮಾಡಿ ಒಂದು ಲಾಗ ಹೊಡೆಸಿ, ಬೆನ್ನು ಕೆಳಗಾಗಿಸಿ ಹಾರಿಸುತ್ತಿದ್ದೆ. ಆಗ ನನ್ನ ಹಿಂದೆ ಅಪ್ಪ ಗಂಟಲು ಸರಿಮಾಡಿಕೊಂಡರು. ತಪ್ಪು ಹೇಳುವ ಮೊದಲು ಮಾಡುತ್ತಿದ್ದರಲ್ಲ, ಅದೇ ಸದ್ದು. ಹುಚ್ಚು ಅನ್ನು, ವಯಸ್ಸಾಯಿತು ಅನ್ನು, ಕೇಳಿದ್ದು ಕೇಳಿದ್ದೇ. ಕತ್ತು ತಿರುಗಿಸಿದರೆ ಸಿಕ್ಕಾರು ಅಂತ ಜೀವ ಎಳೆಯಿತು. ಆದರೆ "ಅದು ಮೇಲಿದ್ದಾಗ ಕಣ್ಣು ಕೀಳ್ಬೇಡಿ, ಮನೆಗೆ ಬೆಂಕಿ ಬಿದ್ರೂ ಇಳಿಸಿ ಆಮೇಲೆ ನೋಡಿ" ಅಂತ ನಮ್ಮಿಬ್ಬರ ತಲೆ ತಿಂದವರು ಅವರೇ ಅಲ್ಲವೇ? ವಿಮಾನವನ್ನು ನೆಟ್ಟಗೆ ಮಾಡಿ, ಒಂದು ಸುತ್ತು ತಂದು, ಹುಲ್ಲಿನ ಮೇಲೆ ಇಳಿಸಿದೆ. ಎಂಜಿನ್ ನಿಂತ ಮೇಲೇ ತಿರುಗಿದೆ. ಸಲಕರಣೆ ಪೆಟ್ಟಿಗೆ ಇತ್ತು, ನಾನು ಬಿಟ್ಟಿದ್ದ ಚಪ್ಪಲಿ ಇತ್ತು.

ಚಳಿ ಶುರುವಾಗಿದೆ, ಕಿವಿ ಮುಚ್ಚಿಕೊಂಡು ಓಡಾಡು. ಎಲ್ಲಿದ್ದರೂ ನಿನಗೆ ಒಳ್ಳೆಯದೇ ಆಗಲಿ.

ನಿನ್ನ ಅಮ್ಮ

ಮರೆತಿದ್ದೆ: ಅಪ್ಪ ಅವತ್ತು ಮೈದಾನದಲ್ಲಿ ನಿನ್ನ ಬೆನ್ನ ಹಿಂದೆ ಕುಸಿದದ್ದನ್ನು ನೆನೆದು, ಮನೆ ಬಿಟ್ಟು ಹೊರಡುವಾಗ ನೀನು "ಸದ್ದು ಕೇಳಿದ್ ತಕ್ಷಣ ತಿರುಗ್ಬೇಕಿತ್ತಮ್ಮ, ನಾನು ವಿಮಾನ ಇಳಿಸ್ತಾ ಇದ್ದೆ" ಅಂದೆ. ಇವತ್ತು ನಾನೂ ತಿರುಗಲಿಲ್ಲ, ಮಗಳೇ. ಮನೆಗೆ ಬಾ. ಬಾಲ ನಾನು ಹಿಡಿಯುತ್ತೇನೆ.