ಗುಡ್ಡದಯ್ಯನ ಕಮರಿಯ ಗೋಡೆ

ನೆರಳು ಶಕ ೨೧೪, ಹದಿಮೂರನೆಯ ತಿಂಗಳ ಮೊದಲ ತಂಪು

ಬಯಲಿನ ಮೇಲೆ ಹಗಲುಹೊತ್ತು ಓಡಾಡಿಕೊಂಡಿದ್ದ ಹಿರಿಯರಿಗೆ, ತುಂಗಭದ್ರೆಯ ಉತ್ತರದ ಕಡೆಯಿಂದ ದ್ರಾಕ್ಷಾಯಣಿ ಮಾಡುವ ನಮಸ್ಕಾರ. ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ, ಹುಡುಕಿ ದಣಿಯಬೇಡಿ. ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆಯಿರಲಿ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. 

ನಮ್ಮ ಕಾಲದಲ್ಲಿ ಬಿಸಿಲೇರಿದ ಮೇಲೆ ಬಯಲಿನಲ್ಲಿ ಯಾರೂ ಕಾಲಿಡುವುದಿಲ್ಲ. ಮೇಲಿನವರಾದ ನಾವು ಮುಂಜಾವಿನಲ್ಲೇ ಕೆಲಸ ಮುಗಿಸಿ ದಪ್ಪ ಗೋಡೆಗಳ ಹಿಂದೆ ಸೇರಿಕೊಳ್ಳುತ್ತೇವೆ. ಪುಣ್ಯವಂತರು ಆಳವಾದ ಕಮರಿಗಳ ತಳದಲ್ಲಿ ನೆರಳೂರು ಕಟ್ಟಿಕೊಂಡು ಮಧ್ಯಾಹ್ನವೂ ಅಂಗಳದಲ್ಲಿ ಕೂತು ಜೋಳ ಕೇರುತ್ತಾರೆ. ನೆರಳೂರಿಗೆ ಇರುವುದು ಒಂದೇ ಷರತ್ತು: ಆ ಕಮರಿಯನ್ನು ನೀರು ಕೊರೆದಿರಬೇಕು, ಮನುಷ್ಯ ತೋಡಿರಬಾರದು. ನೀವು ತೋಡಿ ಬಿಟ್ಟುಹೋದ ಕುಳಿಗಳು ಹಿಂದೊಮ್ಮೆ ಒಂದರ ಬೆನ್ನಿಗೊಂದು ಕುಸಿದು ಊರೂರನ್ನೇ ನುಂಗಿದವು. ಆಗ ಬಂದದ್ದು ತುಂಬುಕಟ್ಟಳೆ. ತೋಡಿದ್ದೆಂದು ಗೊತ್ತಾದರೆ ಜನರನ್ನು ಎಬ್ಬಿಸಿ ಕುಳಿ ಮುಚ್ಚುತ್ತಾರೆ. ಯಾವುದು ನೀರಿನದು, ಯಾವುದು ಮನುಷ್ಯನದು ಎಂದು ಹೇಳುವವರನ್ನು ಬಂಡೆ ಓದುವವರು ಎನ್ನುತ್ತಾರೆ. ನಾನು ಅವರಲ್ಲಿ ಒಬ್ಬಳು. ಬಂಡೆಯ ವಿಷಯದಲ್ಲಿ ಸುಳ್ಳು ಹೇಳಿದವಳ ಕೈನೀರನ್ನು ಇಲ್ಲಿ ಯಾರೂ ಕುಡಿಯುವುದಿಲ್ಲ.

ಗೆಳತಿ ಹುಲಿಗೆವ್ವನ ತವರು ಗುಡ್ಡದಯ್ಯನ ಕಮರಿ. ಸುತ್ತಲಿನ ಸೀಮೆಯಲ್ಲೇ ಅಷ್ಟು ಆಳದ ಕಮರಿ ಇನ್ನೊಂದಿಲ್ಲ. ನೀರು ಕೊರೆದದ್ದೆಂದು ಹಳೆಯ ಓದುಗರು ಮೇಲಿನಿಂದಲೇ ಇಣುಕಿ ಹೇಳಿ ಕೈತೊಳೆದುಕೊಂಡಿದ್ದರು. ರಜೆಗೆ ನಡೆದೇ ಇಳಿಯೋಣವೆಂದು ಅವಳು ಕರೆದಳು. ನಾನು ಮತ್ತು ನಮ್ಮ ಗೆಳೆಯ ಮರ್ದಾನ ಬೆನ್ನುಗಂಟು ಕಟ್ಟಿದೆವು. ನನ್ನದರಲ್ಲಿ ಸಜ್ಜೆ ರೊಟ್ಟಿ, ಅಗಸಿ ಚಟ್ನಿ, ನೀರು. ಮರ್ದಾನನ ಗಂಟಿನಲ್ಲಿ ಒಲೆ, ಹಾಸಿಗೆ, ಎರಡು ಜೊತೆ ಚಪ್ಪಲಿ, ಅವನ ಅಕ್ಕ ಕೊಟ್ಟ ಉಪ್ಪಿನಕಾಯಿ ಭರಣಿ. ಮದುವಣಗಿತ್ತಿಯ ದಿಬ್ಬಣ ಹೊರಟಂತಿದೆ ಎಂದು ದಾರಿಯುದ್ದಕ್ಕೂ ಅವನನ್ನು ಕಾಡಿಸಿದೆವು. ಇಳಿದಂತೆ ಗಾಳಿ ತಂಪಾಯಿತು, ಬಂಡೆಯ ಬಿರುಕುಗಳಲ್ಲಿ ಅತ್ತಿಯ ಗಿಡಗಳು ಕಂಡವು, ಕೊನೆಗೆ ಹರಿಯುವ ನೀರಿನ ಸದ್ದೂ ಕೇಳಿತು. ನನಗೆ ಅಳು ಬಂದಿತ್ತು ಎಂದರೆ ನೀವು ನಗಬಹುದು, ನಿಮಗೆ ಅದು ದಿನದ ಸದ್ದು.

ತಳದ ಊರಿನಲ್ಲಿ ಒಂದು ಪದ್ಧತಿಯಿದೆ. ಮೊದಲ ಮಳೆ ಬಿದ್ದ ಮೇಲೆ ಮನೆಯ ಹೆಣ್ಣುಮಕ್ಕಳು ಕಮರಿಯ ಗೋಡೆಗೆ ಕೆಮ್ಮಣ್ಣು ಮೆತ್ತಿ ಸುಣ್ಣದ ಅಂಚು ಬರೆಯುತ್ತಾರೆ. ಅದಕ್ಕೆ ಗೋಡೆಗೆ ಸೀರೆ ಉಡಿಸುವುದು ಎನ್ನುತ್ತಾರೆ. ಗಂಡಸರು ಮುಟ್ಟುವಂತಿಲ್ಲ. ಮೆತ್ತಿದ ಮಣ್ಣು ಇನ್ನೂ ಹಸಿಯಾಗಿತ್ತು. ಹುಲಿಗೆವ್ವನ ಮನೆ ಇನ್ನೇನು ಬಂತು ಅನ್ನುವಾಗ ಮರ್ದಾನ ಪಾಚಿಯ ಮೇಲೆ ಜಾರಿದ. ಅವನ ದಿಬ್ಬಣದ ಗಂಟು ಗೋಡೆಯನ್ನು ಉಜ್ಜಿಕೊಂಡು ಹೋಯಿತು, ಮಣ್ಣು ಮುದ್ದೆಮುದ್ದೆಯಾಗಿ ಕಳಚಿ ಬಿತ್ತು. ನಾವು ನಗುತ್ತಿದ್ದೆವು. ಆಮೇಲೆ ನಾನು ಗೋಡೆ ನೋಡಿದೆ.

ಬಂಡೆಯ ಮೇಲೆ ಅರ್ಧಕೊಳವೆಯಂಥ ಗೀರುಗಳಿದ್ದವು. ನೆಟ್ಟಗೆ, ಪಕ್ಕಪಕ್ಕಕ್ಕೆ, ಒಂದೇ ಅಂತರದಲ್ಲಿ. ಯಾವ ಹೊಳೆಯೂ ಹಾಗೆ ಕೊರೆಯುವುದಿಲ್ಲ, ಅವು ಸಿಡಿಮದ್ದು ತುಂಬಲು ಬಂಡೆಗೆ ತೂತು ಕೊರೆದ ಬೈರಿಗೆಯ ಗುರುತು. ಇನ್ನಷ್ಟು ಮಣ್ಣು ಕೆರೆದೆ, ಅಲ್ಲೂ ಅವೇ. ಮೇಲಿನ ಬಂಡೆಯಲ್ಲಿದ್ದ ಗುರುತುಗಳನ್ನು ಮಾತ್ರ ಬಿಸಿಲು ಮಳೆ ಎಂದೋ ಸವೆಸಿದ್ದವು. ತಲೆಯೆತ್ತಿ ಆಕಾಶದ ಅಂಚಿನವರೆಗೆ ನೋಡಿದಾಗ, ಈ ಆಳವನ್ನೆಲ್ಲ ಮನುಷ್ಯರೇ ತೋಡಿದರು ಎಂಬ ಮಾತು ನನ್ನ ತಲೆಯೊಳಗೆ ಇಳಿಯಲೇ ಇಲ್ಲ. ಗುಂಡಿಯ ತಳದಲ್ಲಿರುವ ದೇವರಿಗೆ ಗುಡ್ಡದಯ್ಯ ಎಂಬ ಹೆಸರು ಯಾಕೆಂದು ಯಾರೂ ಕೇಳಿರಲಿಲ್ಲ. ಇಲ್ಲೊಂದು ಗುಡ್ಡವಿತ್ತು. ನೀವು ಗುಡ್ಡವನ್ನು ಒಯ್ದಿರಿ, ಸಾಲದೆಂದು ಅದರ ಬೇರನ್ನೂ ಅಗೆದು ಒಯ್ದಿರಿ.

ಹುಲಿಗೆವ್ವನ ಅಜ್ಜಿ ಹೊಸ್ತಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಅವಳನ್ನು ಊರೆಲ್ಲ ಆಯಿ ಎನ್ನುತ್ತದೆ.

"ನಿನ್ನ ಗೆಳತಿ ಬಂಡಿ ಓದಾಕಿ ಅಂತ ಮೊದಲ ಹೇಳಬಾರದೇನ ಯವ್ವಾ," ಎಂದಳು ಮೊಮ್ಮಗಳಿಗೆ.

"ನಿನಗ ಗೊತ್ತಿತ್ತೇನ ಆಯಿ?" ಹುಲಿಗೆವ್ವನ ದನಿ ಒಡೆದಿತ್ತು.

"ನಮ್ಮವ್ವಗೂ ಗೊತ್ತಿತ್ತು, ಅಕಿ ಅವ್ವಗೂ ಗೊತ್ತಿತ್ತು. ಅದಕ್ಕ ಸೀರಿ ಉಡಸೂದು. ಗಂಡಸರಿಗೆ ಹೇಳಿಲ್ಲ, ಅವರ ಹೊಟ್ಟ್ಯಾಗ ಮಾತು ನಿಲ್ಲಂಗಿಲ್ಲ." ಆಯಿ ನನ್ನ ಕಡೆ ತಿರುಗಿದಳು. "ನಮ್ಮನ್ನ ಎಬ್ಬಿಸಿ ಮ್ಯಾಲೆ ಒಯ್ದು ಇಟ್ಟರ ನಾ ಒಂದು ಬ್ಯಾಸಗಿ ಕಾಣಂಗಿಲ್ಲ. ಈ ಕೂಸುಗಳೂ ಕಾಣಂಗಿಲ್ಲ. ನಿನ್ನ ಕೆಲಸ ನೀ ಮಾಡು, ನಾ ಬ್ಯಾಡ ಅನ್ನಂಗಿಲ್ಲ. ಮೊದಲ ರೊಟ್ಟಿ ತಿನ್ನು."

"ನಾವೇನೂ ನೋಡಿಲ್ಲ ಅಂದ್ರ ಆತಲ್ಲ ಅಕ್ಕಾ?" ಎಂದ ಮರ್ದಾನ ನನಗೆ, ಮೊಣಕಾಲಿನ ಕೆಸರು ಒರೆಸಿಕೊಳ್ಳುತ್ತ. ನಾನು ಒಳಗೆ ಹೋಗಿ ತಟ್ಟೆಯ ಮುಂದೆ ಕೂತೆ. ಹುಲಿಗೆವ್ವ ನನ್ನ ಮುಖ ನೋಡದೆ ಬಡಿಸಿದಳು.

ಇದ್ದಷ್ಟು ದಿನ ಆ ಗೋಡೆಯನ್ನು ತಟ್ಟಿ, ಕಿವಿಯಿಟ್ಟು ಕೇಳಿದೆ. ಗಟ್ಟಿಯಾಗಿದೆ, ಕುಸಿಯುವ ಬಂಡೆಯಲ್ಲ. ಆದರೆ ಕಟ್ಟಳೆಗೆ ಗಟ್ಟಿ, ಸಡಿಲ ಎಂಬ ಭೇದವಿಲ್ಲ. ನಿಮ್ಮ ಮೇಲಿನ ಕೋಪ ಕುದಿಯುತ್ತಲೇ ಇತ್ತು, ಅದೇ ಹೊತ್ತಿಗೆ ನೀವು ಮಾಡಿದ ಗಾಯದ ನೆರಳಲ್ಲೇ ಮಕ್ಕಳು ಆಡುತ್ತಿದ್ದರು. ಎರಡನ್ನೂ ಒಟ್ಟಿಗೆ ನೋಡುವುದು ನನಗೆ ಇನ್ನೂ ಆಗುತ್ತಿಲ್ಲ.

ಮೇಲೆ ಬಂದು ಕಟ್ಟಳೆಯನ್ನು ಮತ್ತೆ ಮತ್ತೆ ಓದಿದೆ. ಕುಳಿ ಕಂಡ ಓದುಗರು ಮೊದಲು ತೋಡಿದವರಿಗೆ ತಿಳಿವಳಿಕೆ ಪತ್ರ ಕಳಿಸಬೇಕು, ಅವರಿಂದ ಒಪ್ಪಿಗೆಯ ಉತ್ತರ ಬರುವವರೆಗೆ ಊರಿನ ಒಬ್ಬರನ್ನೂ ಎಬ್ಬಿಸುವಂತಿಲ್ಲ ಎಂದಿದೆ. ತೋಡಿದವರಲ್ಲಿ ಕೆಲವರು ಇನ್ನೂ ಬದುಕಿದ್ದ ಕಾಲದಲ್ಲಿ ಬರೆದ ಮಾತು ಅದು, ಯಾರೂ ತಿದ್ದಿಲ್ಲ, ಪಾಲಿಸುವುದನ್ನು ಮಾತ್ರ ಎಲ್ಲರೂ ಮರೆತಿದ್ದಾರೆ.

ಆದ್ದರಿಂದ ಬಂಡೆ ಓದುವ ದ್ರಾಕ್ಷಾಯಣಿಯಾದ ನಾನು, ಒಂದಕ್ಷರವೂ ಸುಳ್ಳಿಲ್ಲದೆ, ನಿಮಗೆ ತಿಳಿಸುತ್ತಿದ್ದೇನೆ: ಗುಡ್ಡದಯ್ಯನ ಕಮರಿಯನ್ನು ತೋಡಿದವರು ನೀವು. ಇನ್ನೂ ಉಳಿದ ಗುಡ್ಡಗಳಿದ್ದರೆ ಅವನ್ನು ಮುಟ್ಟಬೇಡಿ. ಈ ಪತ್ರ ತಲುಪಿದರೆ ಓದಿ, ನಾಚಿಕೆಯಾದರೆ ನಾಚಿಕೊಳ್ಳಿ. ನಿಮ್ಮ ಕಾಲಿಗೆ ಬಿದ್ದು ಕೇಳುತ್ತೇನೆ, ಉತ್ತರ ಮಾತ್ರ ಬರೆಯಬೇಡಿ.