ಮಳೆಯೊಳಗಿನ ಕೆಮ್ಮು

ಅಮ್ಮ,

ಇವತ್ತು ಆಫೀಸಿಗೊಂದು ದೂರು ಬಂತು. ನಮ್ಮ ಆನ್‌ಲೈನ್ ಆಟದ ಮಾಯಾಲೋಕಕ್ಕೆ ನಾನು ಋತುಗಳನ್ನು ರೂಪಿಸುತ್ತಿದ್ದೆನಲ್ಲ, ಅಲ್ಲಿ ಈ ವಾರ ಮೊದಲ ಸಲ ಚಳಿಗಾಲದ ಮಳೆ ಹಿಡಿದಿದೆ. "ಹಳೇ ಗಿರಣಿ ಹತ್ರ ನಿಂತ್ರೆ ಮಳೇಲಿ ಯಾರೋ ಕೆಮ್ತಾರೆ, ಹೆದ್ರಿಕೆ ಆಗತ್ತೆ" ಎಂದು ಆಟಗಾರನೊಬ್ಬ ಬರೆದಿದ್ದ.

ಅಲ್ಲಿ ಕೇಳುವುದು ನಮ್ಮೂರು ವಾಲ್ಡಿವಿಯಾದಲ್ಲಿ ನಮ್ಮ ಅಡುಗೆಮನೆಯ ತಗಡಿನ ಸೂರಿನ ಮೇಲೆ ಬಿದ್ದ ಮಳೆ. ಹೋದ ಜುಲೈನ ಚಳಿಗಾಲದಲ್ಲಿ ಅದರ ಸದ್ದು ಹಿಡಿಯಲೆಂದೇ ನಾನು ಸಾಂತಿಯಾಗೊದಿಂದ ಬಂದಿದ್ದೆ. ನೀನು ಮಳೆಗಾಲದ ತಿಂಡಿಯೆಂದು ಕುಂಬಳಕಾಯಿ ಹಿಟ್ಟಿನ ಸೊಪೈಪಿಯಾ ಕರಿಯುತ್ತಿದ್ದೆ. ಎಣ್ಣೆಯ ಸದ್ದು ಬೇಡವೆಂದೆ ನಾನು.

"ಮಳೆ ದಿನ ಸೊಪೈಪಿಯಾ ಕರೀಬೇಡ ಅಂತೀಯಲ್ಲೇ, ನೀನು ಈ ಊರವಳೇನಾ?" ಎಂದು ನೀನು ನಗುತ್ತಲೇ ಬಾಣಲೆ ಇಳಿಸಿದೆ. ಆಮೇಲೆ ನಿನಗೆ ಕೆಮ್ಮು ಬಂತು.

"ಅಮ್ಮ, ಸ್ವಲ್ಪ ಸುಮ್ನಿರ್ತೀಯಾ? ಎಲ್ಲಾ ಹಾಳಾಯ್ತು!" ಎಂದು ನಾನು ರೇಗಿದೆ.

ನೀನು ಏಪ್ರನ್ನಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಮೂಲೆಯಲ್ಲಿ ಕೂತೆ. ನಾನು ಮೊದಲಿನಿಂದ ಮತ್ತೆ ರೆಕಾರ್ಡ್ ಮಾಡಿದೆ, ನಲವತ್ತು ನಿಮಿಷ. ಆಗಸ್ಟ್ ಮುಗಿಯುವಷ್ಟರಲ್ಲಿ ನೀನೇ ಇರಲಿಲ್ಲ.

ಇವತ್ತು ಆ ನಲವತ್ತು ನಿಮಿಷವನ್ನೂ ಕೂತು ಕೇಳಿದೆ. ಒಂದೇ ಒಂದು ಸಲ ನಿನಗೆ ತಡೆಯಲಾಗಿಲ್ಲ, ಅಷ್ಟೆ.

ಪಕ್ಕದ ಮೇಜಿನ ಎಲಿಸೆಯೊ, "ಯಾರದು ಆ ಕೆಮ್ಮು, ಯಾಸ್ನಾ?" ಎಂದ.

"ಯಾರೋ, ಗೊತ್ತಿಲ್ಲ."

"ಹಾಗಾದ್ರೆ ತೆಗೆದು ಬಿಸಾಕು ಮಾರಾಯ್ತಿ."

ತೆಗೆದೆ, ಅಮ್ಮ. ಮೂರು ಸೆಕೆಂಡು. ಆ ಜಾಗಕ್ಕೆ ಬೇರೆಲ್ಲೋ ಬಿದ್ದ ಮಳೆಯ ತುಂಡೊಂದನ್ನು ತಂದು ಸೇರಿಸಿದೆ. ನಾನು ಈ ಕೆಲಸದಲ್ಲಿ ಪಳಗಿದವಳು. ಎಷ್ಟು ಕಿವಿಗೊಟ್ಟರೂ ಅಲ್ಲೊಬ್ಬರು ಇದ್ದರೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ.

ಯಾಸ್ನಾ